ಮೈಯೆಲ್ಲ ನೋವು, ರಿಪೋರ್ಟ್ ಎಲ್ಲ ನಾರ್ಮಲ್: ಮುಂದೆ ಯಾರ ಹತ್ತಿರ ಹೋಗಲಿ?

ಪ್ರಶ್ನೆ (ಟೀಚರ್, 41 ವರ್ಷ, ಅರಸೀಕೆರೆ ಹತ್ತಿರ):

ನಮಸ್ತೆ ಡಾಕ್ಟ್ರೇ. ಹೆಸರು ಹಾಕಿಲ್ಲ, ಬೇಜಾರು ಮಾಡ್ಕೋಬೇಡಿ. ಸಣ್ಣ ಊರು, ಎಲ್ಲರಿಗೂ ಗೊತ್ತಾಗುತ್ತೆ. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಎರಡು ವರ್ಷದಿಂದ ಮೈಕೈ ನೋವು. ಮೊದಲು ಕತ್ತು, ಭುಜ ಮಾತ್ರ ಇತ್ತು. ಈಗ ಎರಡೂ ರಟ್ಟೆ, ಬೆನ್ನಿನ ಮೇಲ್ಭಾಗ, ನಡು, ಸೊಂಟದ ಎರಡೂ ಪಕ್ಕ, ಎರಡೂ ಮೀನಖಂಡ. ಒಂದೊಂದು ದಿನ ಒಂದೊಂದು ಕಡೆ ಜೋರು. ಬೋರ್ಡ್ ಮೇಲೆ ದಿನಾಂಕ, ವಾರ ಬರೆಯೋಷ್ಟರಲ್ಲಿ ಕೈ ಸೋತು ಹೋಗುತ್ತೆ. ಎಂಟು ಗಂಟೆ ಮಲಗಿದರೂ ಬೆಳಿಗ್ಗೆ ಏಳುವಾಗ ರಾತ್ರಿಯೆಲ್ಲ ಕಳೆ ಕಿತ್ತ ಹಾಗೆ ಮೈ ಭಾರ. ಮಕ್ಕಳ ಹೆಸರು ಬಾಯಿಗೆ ಬರೋದಿಲ್ಲ, ಹಾಜರಿ ಪುಸ್ತಕ ನೋಡಿ ಕರೆಯುತ್ತೇನೆ. ವಾರಕ್ಕೆ ಎರಡು ಮೂರು ಸಲ ತಲೆನೋವು ಬೇರೆ.

ನಾಲ್ಕು ಡಾಕ್ಟರ ಹತ್ತಿರ ಹೋಗಿ ಬಂದೆ. ಒಬ್ಬರು ಟೆನ್ಷನ್ ಅಂದರು. ಒಬ್ಬರು ಶಕ್ತಿಗೆ ಅಂತ ಇಂಜೆಕ್ಷನ್ ಕೊಟ್ಟರು. ಪಕ್ಕದ ಊರಲ್ಲಿ ಒಬ್ಬರು ಪೊಟ್ಟಣದಲ್ಲಿ ಬಿಡಿ ಮಾತ್ರೆ ಕೊಡುತ್ತಾರೆ. ಅದು ತಗೊಂಡ ಎರಡು ದಿನ ಹಾಯಾಗಿತ್ತು, ಆಮೇಲೆ ಮತ್ತೆ ಅದೇ ಕಥೆ. ಮನೆಯಲ್ಲಿ ಅತ್ತೆ ಬಾಯಿಬಿಟ್ಟು ಏನೂ ಅನ್ನೋದಿಲ್ಲ. ನಾನು ಮಲಗಿದಾಗ ಪಾತ್ರೆ ಜೋರಾಗಿ ಕುಕ್ಕಿ ಇಡುತ್ತಾರೆ, ಅಷ್ಟೇ.

ರಿಪೋರ್ಟ್: ಹಿಮೋಗ್ಲೋಬಿನ್ 10.4. ಇಎಸ್‌ಆರ್ 22. ಸಿಆರ್‌ಪಿ ನಾರ್ಮಲ್. ಆರ್‌ಎ ಫ್ಯಾಕ್ಟರ್ ನೆಗೆಟಿವ್. ಯೂರಿಕ್ ಆಸಿಡ್ ನಾರ್ಮಲ್. ವಿಟಮಿನ್ ಡಿ 14. ಎಎನ್‌ಎ 1:80 ಪಾಸಿಟಿವ್. ಥೈರಾಯ್ಡ್ ಮೂರು ವರ್ಷದ ಹಿಂದೆ ನೋಡಿಸಿದ್ದು, ಆಗ ಸರಿಯಿತ್ತು. ಎಎನ್‌ಎ ಬಗ್ಗೆ ಮೊಬೈಲಲ್ಲಿ ಓದಿದ ಮೇಲೆ ನಿದ್ದೆಯೇ ಇಲ್ಲ. ಮೈಯ ರಕ್ಷಣಾ ಶಕ್ತಿಯೇ ಮೈ ಮೇಲೆ ತಿರುಗಿ ಬೀಳುತ್ತಂತಲ್ಲ, ಆ ಲೂಪಸ್ ಕಾಯಿಲೆ ಇರಬಹುದಾ? ಬೆಂಗಳೂರಿಗೆ ಹೋಗಿ ಪೂರ್ತಿ ಮೈಗೆ ಎಂಆರ್‌ಐ ಮಾಡಿಸಲಾ?

ಉತ್ತರ (ಡಾಕ್ಟರ್, ಕೀಲು ಮತ್ತು ವಾತರೋಗ ತಜ್ಞೆ):

ಟೀಚರ್, ಮೊದಲು ಒಂದು ಮಾತು. ನಿಮ್ಮ ನೋವು ನಿಜ. ರಿಪೋರ್ಟ್ ನಾರ್ಮಲ್ ಅಂದರೆ ಆ ಪರೀಕ್ಷೆ ಹುಡುಕುವ ಕಾಯಿಲೆ ಅಲ್ಲಿ ಕಾಣಲಿಲ್ಲ ಅಂತ ಮಾತ್ರ ಅರ್ಥ. ನಿಮಗೆ ಏನೂ ಆಗಿಲ್ಲ ಅಂತ ಅಲ್ಲ.

ಎಂಆರ್‌ಐ ಈಗ ಬೇಡ. ನಲವತ್ತು ದಾಟಿದವರ ಬೆನ್ನಿನ ಎಂಆರ್‌ಐ ತೆಗೆದರೆ ನೋವೇ ಇಲ್ಲದವರಲ್ಲೂ ಡಿಸ್ಕ್ ಸ್ವಲ್ಪ ಉಬ್ಬಿರೋದು ಕಾಣುತ್ತೆ. ಆಮೇಲೆ ಎಲ್ಲರೂ ಆ ಡಿಸ್ಕ್ ಹಿಂದೆ ಬೀಳುತ್ತಾರೆ. ನಿಮ್ಮ ಮೀನಖಂಡ, ಭುಜ, ನಿದ್ದೆ, ಮರೆವು ಎಲ್ಲ ಪಕ್ಕಕ್ಕೆ ಹೋಗಿಬಿಡುತ್ತೆ. ದುಡ್ಡೂ ದಂಡ.

ಎಎನ್‌ಎ ವಿಷಯ. ರಕ್ಷಣಾ ಶಕ್ತಿ ನಮ್ಮ ಮೈ ವಿರುದ್ಧವೇ ತಿರುಗಿದೆಯಾ ಅಂತ ಸುಳಿವು ಕೊಡುವ ರಕ್ತ ಪರೀಕ್ಷೆ ಅದು. 1:80 ಅನ್ನೋದು ತುಂಬಾ ಕಡಿಮೆ ಮಟ್ಟ. ಆರೋಗ್ಯವಾಗಿರುವವರನ್ನೇ ಪರೀಕ್ಷೆ ಮಾಡಿದರೂ ನೂರರಲ್ಲಿ ಹತ್ತಕ್ಕಿಂತ ಜಾಸ್ತಿ ಜನಕ್ಕೆ ಈ ಮಟ್ಟದಲ್ಲಿ ಪಾಸಿಟಿವ್ ಬರುತ್ತೆ. ಲೂಪಸ್ ಅಂತ ಅನುಮಾನ ಪಡಬೇಕಾದರೆ ಬೇರೆ ಗುರುತು ಬೇಕು. ಬಿಸಿಲಿಗೆ ಹೋದರೆ ಕೆನ್ನೆ ಮೇಲೆ ಕೆಂಪು ದದ್ದು, ಬಾಯಲ್ಲಿ ಮತ್ತೆ ಮತ್ತೆ ಹುಣ್ಣು, ಗೊಂಚಲಾಗಿ ಕೂದಲು ಉದುರೋದು, ಕೀಲು ಊದಿಕೊಳ್ಳೋದು, ಮೂತ್ರದಲ್ಲಿ ನೊರೆ. ಇವು ಯಾವುದಾದರೂ ಇದೆಯಾ, ದಯವಿಟ್ಟು ಹೇಳಿ. ಒಂದು ಸಾದಾ ಮೂತ್ರ ಪರೀಕ್ಷೆ ಮಾಡಿಸಿದರೆ ಇನ್ನೂ ಧೈರ್ಯ ಬರುತ್ತೆ. ಇಎಸ್‌ಆರ್, ಸಿಆರ್‌ಪಿ ಮೈಯಲ್ಲಿ ಉರಿಯೂತ ಇದೆಯಾ ಅಂತ ತೋರಿಸುತ್ತವೆ; ನಿಮ್ಮ ವಯಸ್ಸಿಗೆ ಇಎಸ್‌ಆರ್ 22 ಜಾಸ್ತಿಯೇನಲ್ಲ.

ನೀವು ಬರೆದಿರೋದು ಓದಿದರೆ ನನ್ನ ತಲೆಗೆ ಮೊದಲು ಬರೋದು ಫೈಬ್ರೊಮಯಾಲ್ಜಿಯ, ಅಂದರೆ ಮೈಯೆಲ್ಲ ನೋವು, ಸುಸ್ತು, ಮರೆವು ತರುವ ಒಂದು ದೀರ್ಘ ತೊಂದರೆ. ಮುಟ್ಟಿ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ಹೇಗೆ ಗುರುತಿಸುತ್ತೇವೆ ಅಂತ ಹೇಳಬಲ್ಲೆ. ಇದಕ್ಕೆ ಅಂತ ರಕ್ತ ಪರೀಕ್ಷೆ ಇಲ್ಲ. ಕೇಳಿ ತಿಳಿಯಬೇಕು, ಮುಟ್ಟಿ ತಿಳಿಯಬೇಕು. 1990ರ ಅಮೆರಿಕದ ನಿಯಮದಲ್ಲಿ ಮೈಮೇಲೆ 18 ಜಾಗ ಗುರುತು ಮಾಡಿದ್ದರು. ಹೆಬ್ಬೆರಳಿನ ಉಗುರು ಬಿಳಿಚಿಕೊಳ್ಳೋವರೆಗೆ ಒತ್ತಬೇಕು, ಅಂದರೆ ಸುಮಾರು 4 ಕೆಜಿ ಭಾರ. ಅದರಲ್ಲಿ 11 ಕಡೆ ನೋವಾದರೆ ಫೈಬ್ರೊಮಯಾಲ್ಜಿಯ ಅಂತ. ಒಬ್ಬರು ಮೆಲ್ಲಗೆ ಒತ್ತುತ್ತಾರೆ, ಒಬ್ಬರು ಜೋರಾಗಿ ಒತ್ತುತ್ತಾರೆ. ಲೆಕ್ಕ ಹೊಂದುತ್ತಿರಲಿಲ್ಲ. 2010ರಲ್ಲಿ ಅದನ್ನು ಬಿಟ್ಟು ಎರಡು ಅಂಕಪಟ್ಟಿ ತಂದರು, 2016ರಲ್ಲಿ ಮತ್ತೆ ತಿದ್ದಿದರು.

ಮೊದಲನೆಯದು ನೋವಿನ ನಕ್ಷೆ. ಮೈಯನ್ನು 19 ಭಾಗ ಮಾಡಿ, ಕಳೆದ ಏಳು ದಿನದಲ್ಲಿ ಎಲ್ಲೆಲ್ಲಿ ನೋವಿತ್ತು ಅಂತ ಎಣಿಸೋದು. ನೀವು ಬರೆದ ಪ್ರಕಾರ ಎಣಿಸಿದೆ: ಕತ್ತು 1, ಭುಜ 2, ರಟ್ಟೆ 2, ಮೇಲ್ಬೆನ್ನು 1, ನಡು 1, ಸೊಂಟದ ಪಕ್ಕ 2, ಮೀನಖಂಡ 2. ಒಟ್ಟು 11. ಎರಡನೆಯದರಲ್ಲಿ ಸುಸ್ತು, ಎದ್ದಾಗ ನಿದ್ದೆ ಆಗಿಲ್ಲ ಅನ್ನಿಸೋದು, ಮರೆವು, ಈ ಮೂರಕ್ಕೆ ಸೊನ್ನೆಯಿಂದ ಮೂರರ ತನಕ ಅಂಕ. ತಲೆನೋವು, ಕಿಬ್ಬೊಟ್ಟೆ ನೋವು, ಮನಸ್ಸು ಕುಗ್ಗೋದು, ಇವಕ್ಕೆ ಒಂದೊಂದು. ಒಟ್ಟು 12ಕ್ಕೆ. ನೋವು 7 ಅಥವಾ ಜಾಸ್ತಿ, ಎರಡನೆಯದು 5 ಅಥವಾ ಜಾಸ್ತಿ ಇರಬೇಕು. ನೋವು 4ರಿಂದ 6 ಮಾತ್ರ ಇದ್ದರೆ ಎರಡನೆಯದು 9 ಆದರೂ ಇರಬೇಕು. ನೋವು ಮೈಯ ಎಡ, ಬಲ, ಮೇಲೆ, ಕೆಳಗೆ ಹರಡಿರಬೇಕು, ಮೂರು ತಿಂಗಳಾದರೂ ಹೀಗೇ ಇರಬೇಕು. ಎರಡನೆಯ ಪಟ್ಟಿಗೆ ನೀವೇ ಅಂಕ ಹಾಕಿ, ಎರಡೂ ಒಂದೇ ಹಾಳೆಯಲ್ಲಿ ಬರೆದು ಡಾಕ್ಟರ ಮುಂದೆ ಇಡಿ. ರಿಪೋರ್ಟ್ ತುಂಬಿದ ಕವರಿಗಿಂತ ಆ ಹಾಳೆ ಜಾಸ್ತಿ ಮಾತಾಡುತ್ತೆ.

ಇಷ್ಟೆಲ್ಲ ಹೊಂದಿದರೂ ನಾಲ್ಕು ಪರೀಕ್ಷೆ ಬಿಡಬಾರದು. ಥೈರಾಯ್ಡ್ ಈಗ ಮತ್ತೆ ನೋಡಬೇಕು, ಮೂರು ವರ್ಷದ ಹಳೆಯದು ಲೆಕ್ಕಕ್ಕಿಲ್ಲ. ಹಿಮೋಗ್ಲೋಬಿನ್ 10.4ಕ್ಕೆ ಇಳಿದಿದೆ, ಅದನ್ನು ಯಾರೂ ಹಿಡಿದು ಕೇಳಿಲ್ಲ ಅನ್ನೋದು ನನಗೆ ಬೇಸರ. ಫೆರಿಟಿನ್ ಮಾಡಿಸಿ, ಮೈಯಲ್ಲಿ ಕಬ್ಬಿಣ ಎಷ್ಟು ಉಳಿದಿದೆ ಅಂತ ಗೊತ್ತಾಗುತ್ತೆ. ಬಿ12, ಸಕ್ಕರೆ ಎರಡೂ ನೋಡಿಸಿ. ವಿಟಮಿನ್ ಡಿ 14 ಕಡಿಮೆಯೇ. ಮೂಳೆ ನೋವು, ತೊಡೆ ಸೋಲೋದು ಅದರಿಂದಲೂ ಬರುತ್ತೆ, ತುಂಬಿಸಿಕೊಳ್ಳಬೇಕು. ಆದರೆ ವಾರಕ್ಕೊಂದು 60,000 ಯೂನಿಟ್ ಪುಡಿಯನ್ನು ಡಾಕ್ಟರ್ ಹೇಳಿದಷ್ಟೇ ವಾರ ತಗೊಳ್ಳಿ. ಅಂಗಡಿಯಿಂದ ತಂದು ವರ್ಷಗಟ್ಟಲೆ ಕುಡಿದು, ರಕ್ತದಲ್ಲಿ ಕ್ಯಾಲ್ಸಿಯಂ ಏರಿಸಿಕೊಂಡು ಬಂದವರನ್ನು ನೋಡಿದ್ದೇನೆ.

ಪೊಟ್ಟಣದ ಮಾತ್ರೆ ಇವತ್ತೇ ನಿಲ್ಲಿಸಿ ಅನ್ನೋಕೆ ಮುಂಚೆ ಒಂದು ಕೇಳಬೇಕು. ಎಷ್ಟು ದಿನ ತಗೊಂಡಿರಿ? ಹೆಸರಿಲ್ಲದ ಬಿಡಿ ಮಾತ್ರೆಯಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತೆ. ವಾರಗಟ್ಟಲೆ ತಗೊಂಡಿದ್ದರೆ ಒಂದೇ ಸಲಕ್ಕೆ ಬಿಡೋದೂ ಅಪಾಯ. ಅದಿರುವಾಗ ನಿಜವಾದ ಕೀಲುವಾತ ಇದ್ದರೂ ಮುಚ್ಚಿಹೋಗುತ್ತೆ.

ಟೀಚರ್:

ಒಟ್ಟು ಆರೇ ಮಾತ್ರೆ ಡಾಕ್ಟ್ರೇ, ಅದಾಗಿ ನಾಲ್ಕು ತಿಂಗಳಾಯ್ತು. ನೀವು ಹೇಳಿದ ಲೂಪಸ್ ಗುರುತು ಯಾವುದೂ ಇಲ್ಲ. ಅಂಕ ಹಾಕಿದೆ: ಸುಸ್ತು 3, ನಿದ್ದೆ 3, ಮರೆವು 2, ತಲೆನೋವು 1. ಒಟ್ಟು 9. ಒಂದು ಮಾತು ಕೇಳಲಾ? ಬಿಪಿ ನೋಡೋಕೆ ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿದರೆ ನನಗೆ ಕಣ್ಣಲ್ಲಿ ನೀರು ಬರುತ್ತೆ. ನರ್ಸ್ ನಕ್ಕುಬಿಟ್ಟರು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಡಾಕ್ಟರ್:

ಆರು ಮಾತ್ರೆ ತಾನೇ, ಆ ಭಯ ಬೇಡ. ಇನ್ನು ಮುಟ್ಟಬೇಡಿ. ಬಿಪಿ ಪಟ್ಟಿಗೂ ಇದಕ್ಕೂ ಸಂಬಂಧ ಖಂಡಿತ ಇದೆ. ಪಟ್ಟಿ ಬಿಗಿಯುವಾಗ ನಾನು ರೋಗಿಯ ಮುಖವನ್ನೇ ನೋಡುತ್ತಾ ಇರುತ್ತೇನೆ. ಬಿಗಿ ಆದರೆ ಎಲ್ಲರಿಗೂ ಒತ್ತಿದ ಹಾಗೆ ಅನ್ನಿಸುತ್ತೆ. ಫೈಬ್ರೊಮಯಾಲ್ಜಿಯ ಇರುವವರಿಗೆ ನೋವೇ ಆಗುತ್ತೆ. ಕೆಲವರು ಬಳೆ ತೆಗೆದಿಟ್ಟಿರುತ್ತಾರೆ, ಮಣಿಕಟ್ಟಿಗೆ ತಾಗಿದರೂ ತಡೆಯೋಕಾಗಲ್ಲ ಅಂತ.

ಅಂಗಳದ ನಾಯಿ ಕಳ್ಳ ಬಂದರೆ ಬೊಗಳಬೇಕು ಅಲ್ವಾ? ಒಂದೊಂದು ನಾಯಿ ತೆಂಗಿನ ಗರಿ ಬಿದ್ದರೂ ರಾತ್ರಿಯೆಲ್ಲ ಬೊಗಳುತ್ತೆ. ಬೊಗಳೋದು ಸುಳ್ಳಲ್ಲ, ಮನೆಯವರಿಗೆ ನಿದ್ದೆ ಕೆಡೋದೂ ಸುಳ್ಳಲ್ಲ. ಆದರೆ ಟಾರ್ಚ್ ಹಿಡಿದು ಅಂಗಳವೆಲ್ಲ ಹುಡುಕಿದರೂ ಕಳ್ಳ ಸಿಗೋದಿಲ್ಲ. ನೋವಿನ ಸುದ್ದಿ ಸಾಗಿಸುವ ನರಗಳು ಮತ್ತು ಮಿದುಳು ಹೀಗೆ ಅತಿ ಎಚ್ಚರದಲ್ಲಿ ಉಳಿದುಬಿಡೋದೇ ಈ ತೊಂದರೆ. ಇಂಥ ನೋವಿಗೆ 2017ರಲ್ಲಿ ನೋವಿನ ಅಂತರರಾಷ್ಟ್ರೀಯ ಸಂಘ ಬೇರೆ ಹೆಸರನ್ನೇ ಕೊಟ್ಟಿತು. ಗಾಯದ ನೋವೂ ಅಲ್ಲ, ನರ ಹಾಳಾದ ನೋವೂ ಅಲ್ಲ, ಮೂರನೆಯ ಬಗೆ ಅಂತ.

ನಿದ್ದೆಯ ಪಾತ್ರ ದೊಡ್ಡದು. 1975ರಲ್ಲಿ ಕೆನಡಾದಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ಆರೋಗ್ಯವಾಗಿದ್ದವರನ್ನು ಮಲಗಿಸಿ, ಗಾಢ ನಿದ್ದೆಗೆ ಜಾರಿದಾಗಲೆಲ್ಲ ಸದ್ದು ಮಾಡಿ ಕೆಡಿಸಿದರು. ಪೂರ್ತಿ ಎಬ್ಬಿಸಲಿಲ್ಲ. ಕೆಲವೇ ರಾತ್ರಿಯಲ್ಲಿ ಅವರಿಗೂ ಬೆಳಿಗ್ಗೆ ಮೈಕೈ ನೋವು, ಸುಸ್ತು ಶುರುವಾಯಿತು. ಅದಕ್ಕೇ ಗೊರಕೆ ಬಗ್ಗೆ ಮನೆಯವರನ್ನು ಕೇಳಿ. ಗೊರಕೆ ಹೊಡೆದು ನಡುವೆ ಉಸಿರು ಕಟ್ಟುತ್ತಿದ್ದರೆ ಅದಕ್ಕೆ ಬೇರೆ ಪರೀಕ್ಷೆ ಬೇಕು.

ಎಲ್ಲಿಗೆ ಹೋಗಬೇಕು ಅಂತ ಕೇಳಿದಿರಿ. ನೇರ ಬೆಂಗಳೂರು ಬೇಡ. ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆಯ ಜನರಲ್ ಮೆಡಿಸಿನ್ ವಿಭಾಗಕ್ಕೆ ಹೋಗಿ. ಐದನೇ ಡಾಕ್ಟರ್ ಆಗಿ ಅಲ್ಲ, ಇನ್ನು ಮುಂದೆ ಒಬ್ಬರೇ ಡಾಕ್ಟರ್ ಅಂತ ಹೋಗಿ. ಕೀಲು ಮುಟ್ಟಿ ನೋಡಿ ಅಂತ ನೀವೇ ಕೇಳಿ, ಅದು ತಪ್ಪಲ್ಲ. ಬೆರಳಿನ ಗಿಣ್ಣು ಊದಿದ್ದರೆ, ಬೆಳಿಗ್ಗೆ ಬಿಗಿತ ಗಂಟೆಗಟ್ಟಲೆ ಬಿಡದಿದ್ದರೆ ಮಾತ್ರ ನಮ್ಮಂಥವರ ಹತ್ತಿರ ಬೇಗ ಬರಬೇಕು.

ಇನ್ನೊಬ್ಬ ಸದಸ್ಯರು:

ಡಾಕ್ಟ್ರೇ, ನಮ್ಮಮ್ಮನಿಗೆ 66. ಅವರಿಗೂ ಇದೇ ಇರಬೇಕು ಅನ್ನಿಸುತ್ತೆ. ಒಂದು ತಿಂಗಳಿಂದ ಎರಡೂ ಭುಜ, ಸೊಂಟ ಹಿಡಿದುಕೊಂಡಿದೆ. ಬೆಳಿಗ್ಗೆ ಜಡೆ ಹಾಕಿಕೊಳ್ಳೋಕೆ ಕೈ ಎತ್ತಲಾರರು. ನಾಲ್ಕು ಕೆಜಿ ಇಳಿದಿದ್ದಾರೆ.

ಡಾಕ್ಟರ್:

ಇದು ಬೇರೆ ಲೆಕ್ಕ, ದಯವಿಟ್ಟು ಕಾಯಬೇಡಿ. ಐವತ್ತು ದಾಟಿದ ಮೇಲೆ ಹೊಸದಾಗಿ, ದಿಢೀರನೆ ಹೀಗೆ ಶುರುವಾದರೆ, ಅದರಲ್ಲೂ ತೂಕ ಇಳಿದರೆ, ಫೈಬ್ರೊಮಯಾಲ್ಜಿಯ ಅಂತ ಕೂರಬಾರದು. ಪಾಲಿಮಯಾಲ್ಜಿಯ ರುಮಾಟಿಕ ಅಂತ ಒಂದು ಕಾಯಿಲೆ ಇದೆ, ಅದರಲ್ಲಿ ಸಾಮಾನ್ಯವಾಗಿ ಇಎಸ್‌ಆರ್, ಸಿಆರ್‌ಪಿ ಜಾಸ್ತಿ ಇರುತ್ತೆ. ಮೂಳೆಮಜ್ಜೆಯ ಕಾಯಿಲೆಯನ್ನೂ ನೋಡಬೇಕು. ಈ ವಾರವೇ ತೋರಿಸಿ. ಹಣೆಯ ಪಕ್ಕದಲ್ಲಿ ಹೊಸ ತಲೆನೋವು, ಅಗಿಯುವಾಗ ದವಡೆ ನೋವು, ಕಣ್ಣು ಮಂಜಾಗೋದು ಇದ್ದರೆ ಇವತ್ತೇ ಹೊರಡಿ. ಕಣ್ಣು ಹೋಗುವ ಅಪಾಯ ಇದೆ.

ಮತ್ತೊಬ್ಬರು (29 ವರ್ಷ, ಬೆಂಗಳೂರು):

ನನಗೆ ನೋವಿಗಿಂತ ಸುಸ್ತು ಜಾಸ್ತಿ. ಒಂದು ವರ್ಷದ ಹಿಂದೆ ಜ್ವರ ಬಂದು ಹೋದ ಮೇಲೆ ಶುರು. ಜಿಮ್‌ಗೆ ಹೋದ ದಿನ ಪರವಾಗಿಲ್ಲ. ಮಾರನೇ ದಿನದಿಂದ ಮೂರು ದಿನ ಹಾಸಿಗೆ. ಎಲ್ಲರೂ ವ್ಯಾಯಾಮ ಮಾಡು ಅಂತಾರೆ.

ಡಾಕ್ಟರ್:

ನೀವು ಬರೆದದ್ದು ಬಹಳ ಮುಖ್ಯ, ಒಳ್ಳೆಯದು ಮಾಡಿದಿರಿ. ಶ್ರಮ ಪಟ್ಟ ಮರುದಿನ ಹೀಗೆ ಕುಸಿಯೋದು ಎಂಇ ಅಥವಾ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಅನ್ನೋ ದೀರ್ಘ ಸುಸ್ತಿನ ಕಾಯಿಲೆಯ ಮುಖ್ಯ ಗುರುತು. ದೊಡ್ಡವರಲ್ಲಿ ಆರು ತಿಂಗಳು ದಾಟಿದ್ದರೆ ಆ ದಿಕ್ಕಿನಲ್ಲಿ ಯೋಚಿಸುತ್ತೇವೆ. ಫೈಬ್ರೊಮಯಾಲ್ಜಿಯಕ್ಕೆ ನಿಧಾನವಾಗಿ ಹೆಚ್ಚಿಸುವ ವ್ಯಾಯಾಮವೇ ಮೊದಲ ಮದ್ದು. ಯುರೋಪಿನ ತಜ್ಞರ ಸಲಹೆಗಳಲ್ಲಿ ಬಲವಾಗಿ ಹೇಳಿದ್ದು ಅದೊಂದನ್ನೇ. ನಿಮ್ಮಂಥವರಿಗೆ ಅದೇ ಸಲಹೆ ಹಾನಿ ಮಾಡಬಹುದು. ಚಿಕಿತ್ಸೆ ಹೇಗಿರಬೇಕು ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಇವರಿಗೆ ಹಂತಹಂತವಾಗಿ ವ್ಯಾಯಾಮ ಏರಿಸುವ ಚಿಕಿತ್ಸೆ ಕೊಡಬೇಡಿ ಅಂತ ಹೇಳಿತು. ಜಿಮ್ ಸದ್ಯಕ್ಕೆ ಬಿಡಿ. ಎಷ್ಟು ಕೆಲಸ ಮಾಡಿದ ಮರುದಿನ ಕುಸಿಯುತ್ತೀರಿ ಅಂತ ಎರಡು ವಾರ ಬರೆದಿಟ್ಟು, ಅದಕ್ಕಿಂತ ಕಡಿಮೆಯಲ್ಲೇ ನಿಲ್ಲಿಸಿ. ಡಾಕ್ಟರಿಗೆ ಆ ಬರಹ ತೋರಿಸಿ. ಆ ಜ್ವರ ಚಿಕೂನ್‌ಗುನ್ಯಾ ಇತ್ತಾ, ಕೋವಿಡ್ ಇತ್ತಾ ಅನ್ನೋದನ್ನೂ ಹೇಳಿ. 2006ರಲ್ಲಿ ನಮ್ಮ ರಾಜ್ಯದಲ್ಲಿ ಚಿಕೂನ್‌ಗುನ್ಯಾ ಹರಡಿದಾಗ ಕೀಲು ನೋವು ತಿಂಗಳುಗಟ್ಟಲೆ ಬಿಡದವರು ಬಹಳ ಜನ ಇದ್ದರು.

ಟೀಚರ್ (ಮೂರು ವಾರದ ನಂತರ):

ಡಾಕ್ಟ್ರೇ, ಹಾಸನಕ್ಕೆ ಹೋಗಿ ಬಂದೆ. ಹಾಳೆ ಕೊಟ್ಟೆ. ಅವರು ಪೂರ್ತಿ ಓದಿದರು. ಒಂದೊಂದು ಬೆರಳೂ ಹಿಡಿದು ನೋಡಿ, ಊತ ಇಲ್ಲ ಅಂದರು. ಥೈರಾಯ್ಡ್, ಬಿ12, ಸಕ್ಕರೆ, ಮೂತ್ರ ಎಲ್ಲ ಸರಿ ಇದೆ. ಫೆರಿಟಿನ್ 7. ಫೈಬ್ರೊಮಯಾಲ್ಜಿಯ ಅಂತ ಚೀಟಿಯಲ್ಲಿ ಬರೆದರು, ಜೊತೆಗೆ ಕಬ್ಬಿಣದ ಕೊರತೆ ಅಂತಲೂ. ರಾತ್ರಿಗೆ ಅಮಿಟ್ರಿಪ್ಟಿಲಿನ್ 10 ಕೊಟ್ಟಿದ್ದಾರೆ. ಅದು ಮನಸ್ಸಿನ ಕಾಯಿಲೆ ಮಾತ್ರೆ ಅಂತ ಔಷಧಿ ಅಂಗಡಿಯವರು ಹೇಳಿದರು. ತಗೊಳ್ಳಲಾ?

ಡಾಕ್ಟರ್:

ತಗೊಳ್ಳಿ. ಹಳೆಯ ಕಾಲದಲ್ಲಿ ಖಿನ್ನತೆಗೆ ಕೊಡುತ್ತಿದ್ದದ್ದು ನಿಜ, ಅಲ್ಲಿ ಪ್ರಮಾಣ ಬಹಳ ಜಾಸ್ತಿ. 10 ಮಿಲಿಗ್ರಾಂ ನಿದ್ದೆ ಗಾಢ ಆಗೋಕೆ, ನೋವಿನ ನರ ಸ್ವಲ್ಪ ಸುಮ್ಮನಾಗೋಕೆ. ಮಲಗೋಕೆ ಒಂದೆರಡು ಗಂಟೆ ಮುಂಚೆ ತಗೊಂಡರೆ ಬೆಳಿಗ್ಗೆ ಮಂಪರು ಕಡಿಮೆ. ಬಾಯಿ ಒಣಗುತ್ತೆ, ಶಾಲೆಗೆ ನೀರಿನ ಬಾಟಲಿ ಒಯ್ಯಿರಿ. ಸಾಕಾಗದಿದ್ದರೆ ಡ್ಯುಲಾಕ್ಸೆಟಿನ್, ಪ್ರಿಗ್ಯಾಬಲಿನ್ ಅಂತ ಬೇರೆ ಇವೆ, ಅದು ಅವರು ನೋಡಿಕೊಳ್ಳುತ್ತಾರೆ. ಡೈಕ್ಲೊಫಿನಾಕ್ ಥರದ ನೋವಿನ ಮಾತ್ರೆ ಇದಕ್ಕೆ ಅಷ್ಟು ಕೆಲಸ ಮಾಡೋದಿಲ್ಲ, ದಿನಾ ನುಂಗಿದರೆ ಹೊಟ್ಟೆ, ಕಿಡ್ನಿ ಎರಡಕ್ಕೂ ಪೆಟ್ಟು.

ಫೆರಿಟಿನ್ 7 ಅಂದರೆ ಕಣಜ ಖಾಲಿ. ಆ ಸುಸ್ತಿನಲ್ಲಿ ಒಂದಷ್ಟು ಅದರದ್ದೇ. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ ಜೊತೆ ತಗೋಬೇಡಿ, ನಿಂಬೆಹಣ್ಣಿನ ಪಾನಕದ ಜೊತೆ ಆಗಬಹುದು. ಹಿಮೋಗ್ಲೋಬಿನ್ ಸರಿಹೋದ ಮೇಲೂ ಮೂರು ತಿಂಗಳು ಮುಂದುವರಿಸಬೇಕು. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದೆಯಾ? ಹೌದಾದರೆ ಸ್ತ್ರೀರೋಗ ತಜ್ಞರನ್ನು ಕಾಣಿ, ಇಲ್ಲದಿದ್ದರೆ ತೂತಿನ ಕೊಡಕ್ಕೆ ನೀರು ತುಂಬಿದ ಹಾಗೆ ಆಗುತ್ತೆ.

ನಡಿಗೆ ದಿನಕ್ಕೆ ಹತ್ತೇ ನಿಮಿಷದಿಂದ ಶುರು ಮಾಡಿ. ಚೆನ್ನಾಗಿದ್ದೀನಿ ಅನ್ನಿಸಿದ ಭಾನುವಾರ ಮನೆಯ ಬೆಡ್‌ಶೀಟ್ ಎಲ್ಲ ಒಗೆಯೋಕೆ ಹೋಗಬೇಡಿ. ಎರಡು ವಾರಕ್ಕೆ ಎರಡು ನಿಮಿಷ ಹೆಚ್ಚಿಸಿದರೆ ಸಾಕು.

ಟೀಚರ್:

ಮುಟ್ಟು ಎಂಟು ದಿನ ಇರುತ್ತೆ ಡಾಕ್ಟ್ರೇ. ಅದು ಎಲ್ಲರಿಗೂ ಹಾಗೇ ಅಂದುಕೊಂಡಿದ್ದೆ. ಸೋಮವಾರ ತೋರಿಸುತ್ತೇನೆ. ಚೀಟಿಯನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಅತ್ತೆ ಆ ಹೆಸರು ಇನ್ನೊಂದು ಸಲ ಹೇಳು ಅಂದರು. ಹೇಳಿದೆ. ರಾತ್ರಿ ಅವರೇ ಬಂದು ಮಾತ್ರೆ ತಗೊಂಡ್ಯಾ ಅಂತ ಕೇಳಿದರು.