ಸಿಮ್ ಪಿನ್‌ಗೆ ಏನನ್ನೋಣ? ‘ನಮೂದಿಸಿ’ಗೆ ಬದಲು ಏನು?

ಎಲ್ಲರಿಗೂ ನಮಸ್ಕಾರ. ಫೋನಿನಲ್ಲಿ ಕಾಣುವ ‘ಸಿಮ್ ಪಿನ್’, ‘ನಮೂದಿಸಿ’, ‘ಲಾಕ್’ ಅನ್ನೋ ಪದಗಳಿಗೆ ಸುಲಭದ ಕನ್ನಡ ಏನು ಅಂತ ಕೇಳಬೇಕಿತ್ತು.

ಹೋದ ವಾರ ಆಲೂರು ಕಡೆ ನಮ್ಮ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಎರಡು ದಿನದಿಂದ ಅವರಿಗೆ ಕಾಲ್ ಹೋಗ್ತಿರಲಿಲ್ಲ, ಅದಕ್ಕೇ ಹಾಸನದಿಂದ ಬಸ್ ಹತ್ತಿದ್ದು. ನೋಡಿದರೆ ಫೋನ್ ಆನ್ ಇದೆ, ಅವರು ಆರಾಮಾಗಿ ಮೊಮ್ಮಗಳ ಫೋಟೊ ನೋಡುತ್ತಾ ಕೂತಿದ್ದಾರೆ. ‘ಫೋನೆಲ್ಲ ನೆಟ್ಟಗೈತೆ ಕಣಪ್ಪ, ಮಾತೊಂದೇ ಹೋಗ್ತಿಲ್ಲ’ ಅಂದರು.

ಆಗಿದ್ದು ಇಷ್ಟು. ಊರಿಗೆ ಬಂದಿದ್ದ ಮೊಮ್ಮಗ ಸಿಮ್‌ಗೆ ಲಾಕ್ ಹಾಕಿ ಹೋಗಿದ್ದಾನೆ. ಅದು ಫೋನ್ ಆಫ್ ಆಗಿ ಮತ್ತೆ ಆನ್ ಆದಾಗ ಪಿನ್, ಅಂದರೆ ಗುಟ್ಟಿನ ನಂಬರ್, ಕೇಳುತ್ತದೆ. ಚಾರ್ಜ್ ಖಾಲಿಯಾಗಿ ಫೋನ್ ಆಫ್ ಆಗಿದೆ, ಆನ್ ಮಾಡಿದ ಮೇಲೆ ‘ಸಿಮ್ ಪಿನ್ ನಮೂದಿಸಿ’ ಅಂತ ಬಂದಿದೆ, ಇವರು ಬಿಟ್ಟು ಮುಂದೆ ಹೋಗಿದ್ದಾರೆ. ಹಾಗೆ ಬಿಟ್ಟರೂ ಕ್ಯಾಮೆರಾ, ಫೋಟೊ, ವೈಫೈ ಎಲ್ಲಾ ನಡೆಯುತ್ತೆ. ಕಾಲ್ ಬರಲ್ಲ, ಮೆಸೇಜ್ ಬರಲ್ಲ, ಬ್ಯಾಂಕಿನ ಓಟಿಪಿ ಬರಲ್ಲ. ಮೇಲ್ಗಡೆ ‘ತುರ್ತು ಕರೆಗಳು ಮಾತ್ರ’ ಅಂತ ಇರುತ್ತೆ, ಅಂದರೆ 112ಕ್ಕೆ ಮಾಡಬಹುದು, ಅಷ್ಟೇ.

‘ಯಾಕೆ ಪಿನ್ ಹಾಕಲಿಲ್ಲ ದೊಡ್ಡಮ್ಮ?’ ಅಂತ ಕೇಳಿದೆ. ಅವರು ಡಬ್ಬಿಯಿಂದ ಸಿಮ್ ಟ್ರೇ ತೆಗೆಯೋ ಸಣ್ಣ ಸೂಜಿ ತಂದು ಕೈಗೆ ಕೊಟ್ಟರು! ಅವರದೇನೂ ತಪ್ಪಿಲ್ಲ. ಮೊಬೈಲ್ ಅಂಗಡಿಯವರೂ ಅದನ್ನು ಸಿಮ್ ಪಿನ್ನು ಅಂತಲೇ ಅನ್ನೋದು. ಚಾರ್ಜರಿನ ತುದಿನೂ ಪಿನ್ನೇ, ಸೀರೆಗೆ ಹಾಕೋದೂ ಪಿನ್ನೇ, ಅಂಚೆಯ 573201 ಕೂಡ ಪಿನ್ನೇ. ಅದಕ್ಕೂ ಮೊದಲು ಎರಡು ಸಲ ಎಟಿಎಮ್ ಪಿನ್ ಒತ್ತಿ ನೋಡಿದ್ದರಂತೆ. ಮೂರನೇ ಸಲವೂ ತಪ್ಪಾಗಿದ್ದರೆ ಪಿಯುಕೆ ಅನ್ನೋ 8 ಅಂಕಿಯ ನಂಬರ್ ಬೇಕಾಗುತ್ತಿತ್ತು. ಅದನ್ನೂ 10 ಸಲ ತಪ್ಪು ಒತ್ತಿದರೆ ಸಿಮ್ಮೇ ಹೋಯ್ತು, ಬೇರೆ ಸಿಮ್ ತಗೋಬೇಕು. ಒಂದು ಪದ ತಿಳಿಯದೆ ಇಷ್ಟು ದೂರ ಹೋಗಬಹುದಿತ್ತು ಅಂತ ನನಗೆ ನಿಜವಾಗಿಯೂ ಬೇಜಾರಾಯಿತು.

ಇನ್ನು ‘ನಮೂದಿಸಿ’. ಈ ಮಾತು ದೊಡ್ಡಮ್ಮನಿಗೆ ಗೊತ್ತು, ಆದರೆ ತಾಲ್ಲೂಕು ಆಫೀಸಿನಿಂದ ಗೊತ್ತು. ಪಹಣಿಯಲ್ಲಿ ಹೆಸರು ನಮೂದಾಗೋದು, ಅರ್ಜಿಯಲ್ಲಿ ನಮೂದಿಸೋದು. ಹಾಗಾಗಿ ಯಾವುದೋ ಆಫೀಸಿಗೆ ಹೋಗಿ ಬರೆಸಬೇಕೇನೋ ಅಂದುಕೊಂಡಿದ್ದರು. ನಾವು ಮಾತಾಡುವಾಗ ಪಿನ್ ‘ಹಾಕು’, ‘ಒತ್ತು’ ಅಂತೀವಿ, ಅಲ್ವಾ? ‘ಪಿನ್ ಒತ್ತಿ’ ಅಂತಲೇ ಬರೆದಿದ್ದರೆ ಸಾಕಿತ್ತು.

ನನ್ನ ಮುಖ್ಯ ಪ್ರಶ್ನೆ ‘ಲಾಕ್’ ಬಗ್ಗೆ. ಸ್ಕ್ರೀನ್ ತೆರೆಯದಿದ್ದರೂ ‘ಲಾಕ್ ಆಗಿದೆ’, ಸಿಮ್ ಪಿನ್ ಕೇಳಿದರೂ ‘ಲಾಕ್ ಆಗಿದೆ’, ಪಿಯುಕೆ ಕೇಳಿದರೂ ಅದೇ. ಮೂರೂ ಬೇರೆ ಬೇರೆ. ಸ್ಕ್ರೀನ್ ಲಾಕ್ ಕಾಯೋದು ಫೋನನ್ನು. ಸಿಮ್ ಲಾಕ್ ಕಾಯೋದು ನಮ್ಮ ನಂಬರನ್ನು, ಕದ್ದವರು ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೂ ಅದು ಪಿನ್ ಕೇಳುತ್ತೆ. ಮನೆ ಬಾಗಿಲಿಗೆ ಚಿಲಕ, ಅಗುಳಿ, ಬೀಗ ಅಂತ ಬೇರೆ ಬೇರೆ ಹೆಸರಿಟ್ಟ ಭಾಷೆ ನಮ್ಮದು. ಸ್ಕ್ರೀನಿಗೆ ಚಿಲಕ, ಸಿಮ್‌ಗೆ ಬೀಗ ಅನ್ನಬಹುದಾ? ಆಗ ಪಿನ್ ಅನ್ನೋದು ‘ಸಿಮ್ ಬೀಗದ ಕೈ’ ಆಗುತ್ತೆ. ದೊಡ್ಡಮ್ಮನಿಗೆ ಹಾಗೆ ಹೇಳಿದೆ, ತಕ್ಷಣ ‘ಓ, ಬೀಗದ ಕೈ ಅವನತ್ರಾನೇ ಉಳೀತಾ!’ ಅಂತ ಮೊಮ್ಮಗನಿಗೆ ಫೋನ್ ಮಾಡಿಸಿದರು. ಉತ್ತರ ಕರ್ನಾಟಕದವರು ಬೀಗಕ್ಕೇ ಕೀಲಿ ಅಂತಾರೆ, ಅಲ್ಲಿ ಈ ಪದ ಹೇಗೆ ಕೇಳುತ್ತೋ, ಆ ಕಡೆಯವರು ಹೇಳಬೇಕು.

ಪಿಯುಕೆಗೆ ಮಾತ್ರ ನನಗೆ ಒಳ್ಳೆಯ ಪದ ಹೊಳೆದಿಲ್ಲ. ಅದು ಕಂಪನಿಯವರ ಹತ್ತಿರ ಇರುವ ಇನ್ನೊಂದು ಬೀಗದ ಕೈ. ಮೂಡಿಗೆರೆ, ಕಡೂರು, ಸಕಲೇಶಪುರದ ಕಡೆ ಬೀಗದ ಎರಡನೇ ಕೈಗೆ ಬೇರೆ ಹೆಸರೇನಾದರೂ ಇದೆಯಾ?