ದುಬೈಗೆ ‘ಹೋಗ್ಲಿಕ್ಕುಂಟು’: ಇಂಗ್ಲಿಷಿನಲ್ಲಿ ಹೇಗೆ ಹೇಳುವುದು?

ಕೇಳಿದ್ದು: ಉಡುಪಿಯಿಂದ ಬರೆಯುತ್ತಿದ್ದೇನೆ. ಶುಕ್ರವಾರ ರಾತ್ರಿ ಬಜ್ಪೆಯಿಂದ (ಮಂಗಳೂರು ಏರ್‌ಪೋರ್ಟ್) ದುಬೈಗೆ ಫ್ಲೈಟ್ ಉಂಟು, ಟಿಕೆಟ್ ಆಗಿದೆ. ಅಲ್ಲಿನ ಆಫೀಸಿಗೆ ತಿಳಿಸಬೇಕು. ‘ಐ ವಿಲ್ ಗೋ’ ಸರಿಯಾ, ‘ಐ ಆ್ಯಮ್ ಗೋಯಿಂಗ್’ ಸರಿಯಾ?

— ಟಿಕೆಟ್ ಕೈಯಲ್ಲಿದ್ದರೆ ‘ಐ ಆ್ಯಮ್ ಫ್ಲೈಯಿಂಗ್ ಟು ದುಬೈ ಆನ್ ಫ್ರೈಡೇ’. ಮನಸ್ಸು ಮಾಡಿದ್ದು ಮಾತ್ರ, ಬುಕ್ ಆಗಿಲ್ಲ ಅಂತಾದರೆ ‘ಐ ಆ್ಯಮ್ ಗೋಯಿಂಗ್ ಟು ಫ್ಲೈ’. ‘ಐ ವಿಲ್’ ಬರುವುದು ಮಾತಿನ ಮಧ್ಯೆಯೇ ತೀರ್ಮಾನಿಸಿದಾಗ: ರೈಲಿನಲ್ಲಿ ಸೀಟಿಲ್ವಾ, ಹಾಗಾದ್ರೆ ‘ಐ ವಿಲ್ ಫ್ಲೈ’. ನಮ್ಮ ‘ಹೋಗ್ತೇನೆ’ ದಿನಾ ಹೋಗುವುದಕ್ಕೂ ಸಲ್ಲುತ್ತದೆ, ನಾಳೆ ಹೋಗುವುದಕ್ಕೂ ಸಲ್ಲುತ್ತದೆ. ಶಾಲೆಯಲ್ಲಿ ಭವಿಷ್ಯತ್ತೆಂದರೆ ‘ವಿಲ್’ ಎಂದು ಬಾಯಿಪಾಠ. ಹಾಗಾಗಿ ಎಲ್ಲದಕ್ಕೂ ಅದೇ ಬಾಯಿಗೆ ಬರುತ್ತದೆ.

— ನಮ್ಮ ಊರಿನ ನಿಜವಾದ ಗುಂಡಿ ‘ಹೋಗ್ಲಿಕ್ಕುಂಟು’. ಅದನ್ನು ಹಾಗೇ ತಿರುಗಿಸಿ ‘ಐ ಹ್ಯಾವ್ ಟು ಗೋ ಟು ದುಬೈ’ ಎಂದರೆ ಕೇಳುವವರಿಗೆ ‘ಇಷ್ಟವಿಲ್ಲ, ಆದ್ರೂ ಹೋಗ್ಬೇಕು ಮಾರಾಯ್ರೆ’ ಎಂಬ ಧಾಟಿ. ‘ಫ್ಲೈಟ್ ಉಂಟು’ ಎನ್ನಲು ‘ಐ ಹ್ಯಾವ್ ಎ ಫ್ಲೈಟ್ ಆನ್ ಫ್ರೈಡೇ’ ಸಾಕು. ‘ಐ ಆ್ಯಮ್ ಹ್ಯಾವಿಂಗ್ ಫ್ಲೈಟ್’ ಬೇಡ, ‘ಮೈ ಫ್ಲೈಟ್ ಈಸ್ ದೇರ್’ ಅಂತೂ ಬೇಡವೇ ಬೇಡ.

— ವೇಳಾಪಟ್ಟಿಯ ಸಂಗತಿಗೆ ಸರಳ ವರ್ತಮಾನ: ‘ಮೈ ಫ್ಲೈಟ್ ಲೀವ್ಸ್ ಅಟ್ 10:30’, ‘ಇಟ್ ಲ್ಯಾಂಡ್ಸ್ ಅಟ್...’. ಇಳಿಯುವ ಹೊತ್ತಿನ ಜೊತೆ ‘ದುಬೈ ಟೈಮ್’ ಸೇರಿಸಿ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ವಿಮಾನ ರಾತ್ರಿ 12:30ಕ್ಕಾದರೆ ಎಚ್ಚರ: ನಮಗದು ಶುಕ್ರವಾರ ರಾತ್ರಿ, ಟಿಕೆಟ್ಟಿನಲ್ಲಿ ಶನಿವಾರ. ತಾರೀಕು ಬರೆಯದಿದ್ದರೆ ಕರೆದೊಯ್ಯುವ ಕಾರು ಒಂದು ದಿನ ಮೊದಲೇ ಬಂದು ನಿಂತೀತು. ‘ನೆಕ್ಸ್ಟ್ ಫ್ರೈಡೇ’ಯೂ ಬೇಡ, ಕೆಲವರಿಗೆ ಅದು ಈ ವಾರ, ಕೆಲವರಿಗೆ ಮುಂದಿನ ವಾರ.

— ಚಿಲ್ಲರೆ ತಪ್ಪುಗಳು: ‘ರೀಚ್ ಟು ದುಬೈ’ ಅಲ್ಲ, ‘ರೀಚ್ ದುಬೈ’; ಅದಕ್ಕಿಂತ ‘ಗೆಟ್ ಇನ್’ ಸಹಜ. ಊರಿಗಾದರೆ ‘ಅರೈವ್ ಇನ್’, ಏರ್‌ಪೋರ್ಟಿಗಾದರೆ ‘ಅರೈವ್ ಅಟ್’. ‘ಲಗೇಜಸ್’ ಇಲ್ಲ, ‘ಟೂ ಬ್ಯಾಗ್ಸ್’ ಅನ್ನಿ. ‘ಪ್ರಿಪೋನ್’ ಭಾರತದಲ್ಲಿ ಓಡುತ್ತದೆ, ಹೊರಗಿನವರಿಗೆ ‘ಮೂವ್ಡ್ ಅಪ್’. ‘ಡೈರೆಕ್ಟ್’ ಅಂದರೆ ನಡುವೆ ಇಳಿಯುವುದೇ ಇಲ್ಲ ಅಂತಲ್ಲ, ಅದಕ್ಕೆ ‘ನಾನ್‌ಸ್ಟಾಪ್’.

— ಒಂದು ಬಿಟ್ಟುಹೋಯಿತು. ಓದುವವರು ದುಬೈಯಲ್ಲೇ ಇರುವುದರಿಂದ ‘ಗೋಯಿಂಗ್’ ಅಲ್ಲ, ‘ಕಮಿಂಗ್’. ಹಾಗಂತ ಮನೆಯಿಂದ ಹೊರಡುವಾಗಿನ ನಮ್ಮ ‘ಬರ್ತೇನೆ’ಯನ್ನು ‘ಐ ವಿಲ್ ಕಮ್’ ಮಾಡಬೇಡಿ. ನಿಮ್ಮ ಮೇಲ್ ಇಷ್ಟೇ ಇರಲಿ: ‘ಐ ಆ್ಯಮ್ ಕಮಿಂಗ್ ಟು ದುಬೈ ಆನ್ ಫ್ರೈಡೇ. ಮೈ ಫ್ಲೈಟ್ ಲೀವ್ಸ್ ಮಂಗಳೂರು ಅಟ್ 10:30 ಪಿಎಂ’, ಕೆಳಗೆ ತಾರೀಕು ಮತ್ತು ಫ್ಲೈಟ್ ನಂಬರ್.