ಮೂರು ಸಲ ಫಾರ್ಮ್ಯಾಟ್ ಮಾಡಿದರೂ ಕಡತಗಳು ಮರಳಿ ಬರುತ್ತಿವೆ

ಮಳೆಬಿಲ್ಲು: ಹಳೆಯ ಡ್ರೈವ್ ಒಂದನ್ನು ಬೇರೆಯವರಿಗೆ ಕೊಡಬೇಕಾಗಿದೆ. ಮೂರು ಸಲ ಫಾರ್ಮ್ಯಾಟ್ ಮಾಡಿದೆ. ಅನುಮಾನಕ್ಕೆ, ಅಳಿದ ಕಡತ ಹುಡುಕಿ ತರುವ ಫೋಟೊರೆಕ್ ಓಡಿಸಿದರೆ, ಹೆಸರು ಹೋಗಿ ಬರೀ ಅಂಕಿ ಉಳಿದ ಕಡತಗಳ ರಾಶಿ. ಒಂದನ್ನು ತೆರೆದರೆ ಅಪ್ಪನ ಆಸ್ಪತ್ರೆ ವರದಿ, ಇನ್ನೊಂದರಲ್ಲಿ ಪಾಸ್‌ಪೋರ್ಟ್! ಎರಡು ದಿನದಿಂದ ಇದೇ ಗೋಳು. ಪೂರ್ತಿ ಅಳಿಸುವುದು ಹೇಗೆ?

ಬೆಸುಗೆಕಡ್ಡಿ: ನೀವು ಮಾಡಿದ್ದು ಕ್ವಿಕ್ ಫಾರ್ಮ್ಯಾಟ್ ಇರಬೇಕು. ಅದು ಕಡತಗಳ ಪಟ್ಟಿಯನ್ನಷ್ಟೇ ಹೊಸದಾಗಿ ಬರೆಯುತ್ತದೆ. ಆ ಟಿಕ್ ತೆಗೆದು ಮಾಡಿ. ವಿಂಡೋಸ್ ವಿಸ್ಟಾದಿಂದ ಈಚೆಗೆ ಅದು ಡ್ರೈವ್ ತುಂಬ ಸೊನ್ನೆ ಬರೆಯುತ್ತದೆ. ಒಂದು ಸಲ ಸಾಕು.

ತಿರುಗುತಟ್ಟೆ: ಒಂದು ಸಲ ಸಾಲದು. ಡ್ರೈವ್ ಅಳಿಸುವ ಬಗ್ಗೆ ಸಂಶೋಧನೆ ಮಾಡಿದ ಗುಟ್‌ಮನ್ 1996ರಲ್ಲೇ 35 ಸುತ್ತು ಮೇಲೆ ಮೇಲೆ ಬರೆಯಲು ಹೇಳಿದ್ದಾರೆ.

ಬೆಸುಗೆಕಡ್ಡಿ: ಅದು ಎಂಎಫ್‌ಎಂ, ಆರ್‌ಎಲ್‌ಎಲ್ ಎಂಬ ಹಳೆಯ ಬರೆಯುವ ಕ್ರಮಗಳ ಕಾಲದ ಡ್ರೈವ್‌ಗಳ ಲೆಕ್ಕ. ಹೊಸವಕ್ಕೆ ಅಷ್ಟು ಬೇಡವೆಂದು ಅವರೇ ಆಮೇಲೆ ಬರೆದಿದ್ದಾರೆ.

ತಿರುಗುತಟ್ಟೆ: ಬರೆದಿರಲಿ, ಏಳಕ್ಕಿಂತ ಕೆಳಗೆ ನಾನು ಇಳಿಯುವುದಿಲ್ಲ. ನಾಲ್ಕು ಡ್ರೈವ್ ಒಟ್ಟಿಗೆ ಕೂರುವ ಡಾಕ್ ಇದೆ, ಹಿಂದೆ ಪ್ರತ್ಯೇಕ ಫ್ಯಾನ್ ಹಾಕಿದ್ದೇನೆ. ರಾತ್ರಿ ಹಚ್ಚಿ ಮಲಗಿದರೆ ಅದರ ಪಾಡಿಗೆ ಅದು.

ಮಳೆಬಿಲ್ಲು: 35 ಸುತ್ತಿಗೆ ಹಾಕಿದೆ. ರಾತ್ರಿಯಿಡೀ ಓಡಿ ಈಗ ಐದನೆಯದು. ಯುಎಸ್‌ಬಿ ಅಡಾಪ್ಟರ್ ಮುಟ್ಟಲಾಗದಷ್ಟು ಬಿಸಿ, ಡ್ರೈವಿನಿಂದ ಮಾತ್ರ ಒಂದು ಸದ್ದೂ ಇಲ್ಲ.

ನೀಲಿದೀಪ: ಸದ್ದೇ ಇಲ್ಲವೇ? ಅದು ತಿರುಗುವ ತಟ್ಟೆಯಿಲ್ಲದ, ಚಿಪ್‌ನಲ್ಲಿ ಬರೆಯುವ ಎಸ್‌ಎಸ್‌ಡಿಯೇ?

ಮಳೆಬಿಲ್ಲು: ಹೌದು, 256 ಜಿಬಿ. ಎಲ್ಲದಕ್ಕೂ ಒಂದೇ ವಿಧಾನ ಎಂದುಕೊಂಡಿದ್ದೆ.

ನೀಲಿದೀಪ: ಈಗಲೇ ನಿಲ್ಲಿಸಿ. ಎಸ್‌ಎಸ್‌ಡಿಯಲ್ಲಿ ಅದೇ ಜಾಗಕ್ಕೆ ಬರೆದರೂ ಡ್ರೈವಿನೊಳಗಿನ ಕಂಟ್ರೋಲರ್ ಚಿಪ್ ಅದನ್ನು ಬೇರೆ ಬ್ಲಾಕಿಗೆ ಹಾಕುತ್ತದೆ. ಹಳೆಯದು ನಮಗೆ ಕಾಣದ ಮೀಸಲು ಜಾಗದಲ್ಲಿ ಉಳಿದಿರಬಹುದು. ಸುತ್ತು ಹೆಚ್ಚಿದಷ್ಟೂ ಸವೆತ. ಅಡಾಪ್ಟರ್ ಬಿಟ್ಟು ಡ್ರೈವನ್ನು ನೇರ ಕಂಪ್ಯೂಟರಿನ ಸಾಟಾ ಕನೆಕ್ಟರಿಗೆ ಜೋಡಿಸಿ, ಲಿನಕ್ಸ್‌ನಲ್ಲಿ ಎಚ್‌ಡಿಪಾರ್ಮ್ ಎಂಬ ತಂತ್ರಾಂಶದ ಮೂಲಕ ಸೆಕ್ಯೂರ್ ಇರೇಸ್ (ಡ್ರೈವೇ ತನ್ನನ್ನು ಪೂರ್ತಿ ಅಳಿಸಿಕೊಳ್ಳುವ ಆದೇಶ) ಕೊಡಿ. ಡ್ರೈವಿನ ಹೆಸರನ್ನು ಎರಡೆರಡು ಸಲ ನೋಡಿಕೊಳ್ಳಿ, ತಪ್ಪಿದರೆ ಬೇರೆ ಡ್ರೈವ್ ಹೋಗುತ್ತದೆ.

ಮಳೆಬಿಲ್ಲು: ಫ್ರೋಜನ್ ಎಂದು ತೋರಿಸುತ್ತಿದೆ, ಆದೇಶ ಒಪ್ಪುತ್ತಿಲ್ಲ.

ನೀಲಿದೀಪ: ಅದು ಕಂಪ್ಯೂಟರ್ ಶುರುವಾಗುವಾಗ ಬಯಾಸ್ ಹಾಕುವ ಬೀಗ. ಲ್ಯಾಪ್‌ಟಾಪನ್ನು ಒಮ್ಮೆ ಸ್ಲೀಪ್‌ಗೆ ಕಳಿಸಿ ಎಬ್ಬಿಸಿ, ಸಾಮಾನ್ಯವಾಗಿ ಬಿಡುತ್ತದೆ.

ಮಳೆಬಿಲ್ಲು: ಬಿಟ್ಟಿತು! ಒಂದು ನಿಮಿಷವೂ ಹಿಡಿಯಲಿಲ್ಲ. ಫೋಟೊರೆಕ್‌ಗೆ ಒಂದು ಕಡತವೂ ಸಿಗಲಿಲ್ಲ. ತುಂಬಾ ಉಪಕಾರವಾಯಿತು.

ಬೆಸುಗೆಕಡ್ಡಿ: ಮೀಸಲು ಜಾಗ ಫೋಟೊರೆಕ್‌ಗೂ ಕಾಣುವುದಿಲ್ಲವಲ್ಲ?

ನೀಲಿದೀಪ: ಕಾಣುವುದಿಲ್ಲ. ಅಲ್ಲಿ ಡ್ರೈವಿನೊಳಗಿನ ತಂತ್ರಾಂಶವಾದ ಫರ್ಮ್‌ವೇರನ್ನು ನಂಬಲೇಬೇಕು. ಹಾಗಾಗಿ ನಾನು ಹೊಸ ಡ್ರೈವಿಗೆ ಮೊದಲ ದಿನವೇ ಎನ್‌ಕ್ರಿಪ್ಶನ್ (ಕೀಲಿಯಿಲ್ಲದೆ ಓದಲಾಗದ ಗೂಢಲಿಪಿ) ಹಾಕಿಬಿಡುತ್ತೇನೆ.

ತಿರುಗುತಟ್ಟೆ: ನನ್ನ ಡಾಕ್‌ನಿಂದ ಎರಡು ಎಸ್‌ಎಸ್‌ಡಿಗಳು ಏಳು ಸುತ್ತು ಮುಗಿಸಿ ಕಳೆದ ತಿಂಗಳೇ ಬೇರೆಯವರ ಕೈ ಸೇರಿವೆ. ಅವನ್ನು ಮರಳಿ ಕೇಳಬೇಕೇ?